ಬಣ್ಣಕ್ಕಿಂತ ಮೊದಲು ಸೂರು: ನಿವೃತ್ತ ಯುದ್ಧವಿಮಾನವನ್ನು ಉಳಿಸಿಕೊಳ್ಳುವ ಬಗೆ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳು ಭಾರತೀಯ ವಾಯುಪಡೆಯಿಂದ ಬೀಳ್ಕೊಂಡವು. 1963ರಿಂದ ಆರು ದಶಕಗಳಿಗೂ ಹೆಚ್ಚು ಕಾಲ ಸೇವೆಯಲ್ಲಿದ್ದ ಈ ಮಾದರಿಯ ಹಲವು ವಿಮಾನಗಳು ಈಗಾಗಲೇ ದೇಶದ ಬೇರೆ ಬೇರೆ ಊರುಗಳ ವೃತ್ತಗಳಲ್ಲಿ, ಕಾಲೇಜು ಆವರಣಗಳಲ್ಲಿ, ಸೈನಿಕ ಸ್ಮಾರಕಗಳ ಮುಂದೆ ನಿಂತಿವೆ. ಹೀಗೆ ಬಂದ ವಿಮಾನದ ಪಾಡು ಹೆಚ್ಚಿನ ಕಡೆ ಒಂದೇ ರೀತಿಯದು. ಅನಾವರಣದ ದಿನ ಹೊಸ ಬಣ್ಣದಲ್ಲಿ ಹೊಳೆಯುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಮತ್ತೊಂದು ಸಮಾರಂಭ ಬಂದಾಗ ಆ ಗುಳ್ಳೆಗಳ ಮೇಲೆಯೇ ಇನ್ನೊಂದು ಕೋಟು ಬಣ್ಣ ಬೀಳುತ್ತದೆ. ಹೊರಗೆ ಬಣ್ಣ ದಪ್ಪವಾಗುತ್ತ ಹೋದಂತೆ ಒಳಗೆ ಲೋಹ ತೆಳ್ಳಗಾಗುತ್ತ ಹೋಗುತ್ತದೆ. ಬಣ್ಣ ಬಳಿಯುವುದನ್ನೇ ಸಂರಕ್ಷಣೆ ಎಂದುಕೊಂಡಿರುವುದು ನಮ್ಮಲ್ಲಿ ಹಳೆಯ ವಿಮಾನಗಳಿಗೆ ಆಗುತ್ತಿರುವ ದೊಡ್ಡ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಯಲ್ಲಿರುವ ಹಣದಲ್ಲಿ ಮೊದಲ ರೂಪಾಯಿ ಸೂರಿಗೆ, ಎರಡನೆಯದು ನೀರು ಹೊರಹೋಗುವ ದಾರಿಗೆ, ಕೊನೆಯದು ಬಣ್ಣಕ್ಕೆ ಹೋಗಬೇಕು. ಈ ಬರಹ ಆ ಕ್ರಮವನ್ನು ವಿವರಿಸುತ್ತದೆ. ಇದು ನೆಲದ ಮೇಲೆ ಪ್ರದರ್ಶನಕ್ಕಿರುವ ವಿಮಾನಗಳಿಗೆ ಸಂಬಂಧಿಸಿದ್ದು. ಮತ್ತೆ ಹಾರಿಸುವ ಉದ್ದೇಶದ ದುರಸ್ತಿ ಪರವಾನಗಿ ಪಡೆದ ಎಂಜಿನಿಯರುಗಳ ಕೆಲಸ, ಅದರ ನಿಯಮಗಳೇ ಬೇರೆ.

ಒಪ್ಪಿಕೊಳ್ಳುವ ಮುನ್ನ

ವಿಮಾನವನ್ನು ಕೊಡುವ ಪತ್ರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓದಬೇಕು. ಅದು ಪೂರ್ತಿ ನಿಮ್ಮದಾಗುತ್ತದೆಯೇ, ಅಥವಾ ಪ್ರದರ್ಶನಕ್ಕಷ್ಟೇ ಕೊಟ್ಟದ್ದೇ, ಭಾಗಗಳನ್ನು ಬದಲಿಸಲು ಯಾರ ಒಪ್ಪಿಗೆ ಬೇಕು, ಯಾವ ಬಣ್ಣ ಮತ್ತು ಗುರುತುಗಳನ್ನು ಉಳಿಸಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿರಬೇಕು. ಸ್ಪಷ್ಟವಿಲ್ಲದಿದ್ದರೆ ಬರೆದು ಕೇಳಿ, ಉತ್ತರವನ್ನು ಕಡತದಲ್ಲಿ ಇಡಬೇಕು. ವಿಮಾನದ ಜೊತೆಗೆ ಅದರ ಲಾಗ್ ಪುಸ್ತಕಗಳ ಪ್ರತಿ, ದುರಸ್ತಿ ಕೈಪಿಡಿ ಮತ್ತು ಜಾಕ್ ಕೊಡುವ ಜಾಗಗಳ ನಕ್ಷೆಯನ್ನು ಕೇಳಿ ಪಡೆಯುವುದು ಬಹಳ ಮುಖ್ಯ. ವಿಮಾನ ಹೊರಟುಹೋದ ಮೇಲೆ ಆ ಕಾಗದಗಳು ಎಲ್ಲಿ ಸೇರುತ್ತವೆ ಎಂದು ಪತ್ತೆ ಹಚ್ಚುವುದು ಕಷ್ಟ.

ಅಪಾಯದ ವಸ್ತುಗಳ ವಿಷಯದಲ್ಲಿ ಯಾವ ಸಡಿಲಿಕೆಯೂ ಸಲ್ಲದು. ಜೆಟ್ ಯುದ್ಧವಿಮಾನದ ಹೊರಚಿಮ್ಮುವ ಆಸನದಲ್ಲಿ ಸ್ಫೋಟಕ ಕಾರ್ಟ್ರಿಜ್‌ಗಳಿರುತ್ತವೆ, ಪೈಲಟ್ ಕೂರುವ ಜಾಗದ ಮೇಲಿನ ಪಾರದರ್ಶಕ ಮುಚ್ಚಳವಾದ ಕ್ಯಾನೊಪಿಯನ್ನು ಹಾರಿಸಲೂ ಸ್ಫೋಟಕ ಇರುತ್ತದೆ. ಇವೆಲ್ಲವನ್ನೂ ಶಸ್ತ್ರಾಸ್ತ್ರ ವಿಭಾಗದ ತಜ್ಞರು ತೆಗೆದು ಲಿಖಿತ ಪ್ರಮಾಣಪತ್ರ ಕೊಡುವ ತನಕ ಕಾಕ್‌ಪಿಟ್‌ಗೆ ಯಾರೂ ಇಳಿಯಕೂಡದು. ಒತ್ತಡದ ದ್ರವವನ್ನು ಕೂಡಿಡುವ ಹೈಡ್ರಾಲಿಕ್ ಅಕ್ಯುಮುಲೇಟರ್‌ಗಳಲ್ಲಿ, ಆಮ್ಲಜನಕದ ಬಾಟಲಿಗಳಲ್ಲಿ, ಲ್ಯಾಂಡಿಂಗ್ ಗೇರ್‌ನ ಕಾಲುಗಳಲ್ಲಿ, ಟೈರುಗಳಲ್ಲಿ ಒತ್ತಡ ಉಳಿದಿರಬಹುದು. ಇಂಧನದ ಟ್ಯಾಂಕು ಬರಿದಾಗಿ ವರ್ಷಗಳಾಗಿದ್ದರೂ ಅದರಲ್ಲಿ ಆವಿ ಇರಬಹುದು, ಆದ್ದರಿಂದ ಮೀಟರಿನಿಂದ ಪರೀಕ್ಷಿಸದೆ ಹತ್ತಿರದಲ್ಲಿ ಗ್ರೈಂಡರ್ ಹಚ್ಚಬಾರದು. ಬ್ರೇಕ್ ಪ್ಯಾಡ್‌ಗಳಲ್ಲಿ, ಎಂಜಿನ್ ಕೋಣೆಯ ಬೆಂಕಿತಡೆ ಪದರಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಉಂಟು. ಹಸಿರು-ಹಳದಿ ಛಾಯೆಯ ಹಳೆಯ ಪ್ರೈಮರ್, ಅಂದರೆ ಬಣ್ಣದ ಅಡಿಯ ಮೊದಲ ಲೇಪ, ಸಾಮಾನ್ಯವಾಗಿ ಕ್ರೋಮೇಟ್ ಆಗಿದ್ದು, ಅದನ್ನು ಒಣಗಿದ್ದಾಗ ಉಜ್ಜಿ ಏಳುವ ಧೂಳು ಕ್ಯಾನ್ಸರ್‌ಕಾರಕ. ಉಕ್ಕಿನ ಬೋಲ್ಟುಗಳ ಮೇಲಿನ ಕ್ಯಾಡ್ಮಿಯಂ ಲೇಪವೂ ವಿಷವೇ.

ಎರಡನೆಯ ಮಹಾಯುದ್ಧದ ಕಾಲದ ಮತ್ತು ಅದರ ನಂತರದ ಒಂದೆರಡು ದಶಕಗಳ ವಿಮಾನಗಳಲ್ಲಿ ಇನ್ನೊಂದು ಕಣ್ಣಿಗೆ ಕಾಣದ ಅಪಾಯವಿದೆ. ಕತ್ತಲೆಯಲ್ಲಿ ಹೊಳೆಯಲೆಂದು ಉಪಕರಣಗಳ ಮುಖಫಲಕಕ್ಕೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಇಂದು ಆ ಅಂಕಿಗಳು ಹೊಳೆಯುವುದಿಲ್ಲ, ಏಕೆಂದರೆ ಬೆಳಗುವ ರಾಸಾಯನಿಕ ಸವೆದುಹೋಗಿದೆ. ಆದರೆ ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1,600 ವರ್ಷ, ಅದರ ವಿಕಿರಣ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಅಂಥ ಗಡಿಯಾರವನ್ನಾಗಲಿ ಮೀಟರನ್ನಾಗಲಿ ಬಿಚ್ಚುವುದು, ಗಾಜು ಒಡೆದದ್ದನ್ನು ಬರಿಗೈಯಲ್ಲಿ ಮುಟ್ಟುವುದು, ಒರೆಸಿ ಶುದ್ಧ ಮಾಡಲು ಹೋಗುವುದು ಸರ್ವಥಾ ಕೂಡದು. ವಿಕಿರಣ ಮಾಪಕ ಇರುವವರಿಂದ ಪರೀಕ್ಷೆ ಮಾಡಿಸಿ, ಮುಂದಿನ ಕ್ರಮಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳನ್ನು ಕೇಳಿ ತಿಳಿಯಬೇಕು.

ಸಾಗಿಸುವಾಗ ರೆಕ್ಕೆಯನ್ನು ಬೋಲ್ಟು ಬಿಚ್ಚಿಯೇ ಬೇರ್ಪಡಿಸಬೇಕು. ಬೋಲ್ಟು ಕಚ್ಚಿಕೊಂಡಿದೆ, ಲಾರಿ ಕಾಯುತ್ತಿದೆ ಎಂದು ಗ್ಯಾಸ್ ಕಟರ್ ಹಿಡಿದರೆ ರೆಕ್ಕೆಯ ಮುಖ್ಯ ತೊಲೆಯೇ ಕತ್ತರಿಸಿಹೋಗುತ್ತದೆ, ಆಮೇಲೆ ಅದನ್ನು ಬೆಸೆದು ನಿಲ್ಲಿಸಿದರೂ ಅದು ಮೊದಲಿನ ವಿಮಾನವಲ್ಲ. ಕಚ್ಚಿಕೊಂಡ ಬೋಲ್ಟಿಗೆ ಸಡಿಲಿಸುವ ಎಣ್ಣೆ ಹಾಕಿ ದಿನಗಟ್ಟಲೆ ಬಿಡಬೇಕಾಗುತ್ತದೆ, ಆ ಸಮಯವನ್ನು ಲೆಕ್ಕದಲ್ಲಿ ಹಿಡಿದೇ ಸಾಗಣೆಯ ದಿನ ಗೊತ್ತು ಮಾಡಬೇಕು. ಬಹು ದೊಡ್ಡ ವಿಮಾನವನ್ನೂ ಹೀಗೆ ಬಿಚ್ಚಿ ಸಾಗಿಸಲು ಸಾಧ್ಯ ಎನ್ನುವುದಕ್ಕೆ ಕಾರವಾರದ ಕಡಲತೀರದಲ್ಲಿರುವ ನೌಕಾಪಡೆಯ ನಿವೃತ್ತ ಕಡಲ ಕಾವಲು ವಿಮಾನ ಟಿಯು-142 ಸಾಕ್ಷಿ. ಅದನ್ನು ತಮಿಳುನಾಡಿನ ಅರಕ್ಕೋಣಂನಿಂದ ಭಾಗ ಭಾಗವಾಗಿ ರಸ್ತೆಯಲ್ಲೇ ತಂದು ಜೋಡಿಸಲಾಯಿತು.

ಮುಟ್ಟುವ ಮೊದಲು ಬರೆದಿಡುವುದು

ಕೆಲಸಗಾರರು ಸ್ಪ್ಯಾನರ್ ಹಿಡಿಯುವ ಮುನ್ನ ವಿಮಾನವನ್ನು ಇರುವ ಹಾಗೆಯೇ ದಾಖಲಿಸಬೇಕು. ಪ್ರತಿ ಫಲಕದ ಚಿತ್ರ, ಪ್ರತಿ ಬರಹದ ಚಿತ್ರ, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದದ್ದಾಗಿರಲಿ. ಒಡಲಿನ ಉದ್ದಕ್ಕೂ ಇರುವ ಚಿಕ್ಕ ಚಿಕ್ಕ ಎಚ್ಚರಿಕೆ ಬರಹಗಳನ್ನು, ಅಂದರೆ ಇಲ್ಲಿ ಕಾಲಿಡಬೇಡಿ, ಇಲ್ಲಿ ಇಂಧನ ತುಂಬಿರಿ ಎಂಬಂಥವುಗಳನ್ನು, ಪಾರದರ್ಶಕ ಹಾಳೆ ಇಟ್ಟು ಅದೇ ಗಾತ್ರದಲ್ಲಿ ಗೆರೆ ಎಳೆದು ಪ್ರತಿ ಮಾಡಿಕೊಳ್ಳಬೇಕು. ಕಂಪ್ಯೂಟರಿನ ಯಾವುದೋ ಅಕ್ಷರವಿನ್ಯಾಸದಲ್ಲಿ ಅವುಗಳನ್ನು ಮತ್ತೆ ಬರೆಸಿದರೆ ಬಲ್ಲವರ ಕಣ್ಣಿಗೆ ಆ ಕ್ಷಣವೇ ಬೀಳುತ್ತದೆ. ತಪಾಸಣೆಗಾರರು ಒತ್ತಿದ ಪುಟ್ಟ ಮುದ್ರೆಗಳು, ದುರಸ್ತಿಗೆ ಹಾಕಿದ ತೇಪೆಗಳು, ಕಾರ್ಖಾನೆಯವರು ಪೆನ್ಸಿಲಿನಲ್ಲಿ ಬರೆದ ಅಂಕಿಗಳು ಇವೆಲ್ಲ ಆ ಒಂದು ವಿಮಾನದ ಜೀವನಚರಿತ್ರೆ. ತೇಪೆ ಕುರೂಪ ಎಂದು ತೆಗೆಯುವ ಮುನ್ನ ಅದು ಯಾವ ಗಾಯದ ಮೇಲೆ ಹಾಕಿದ್ದೆಂದು ಲಾಗ್ ಪುಸ್ತಕದಲ್ಲಿ ಹುಡುಕಬೇಕು.

ಬಿಚ್ಚಿದ ಸ್ಕ್ರೂ, ಬೋಲ್ಟುಗಳನ್ನು ಫಲಕವಾರು ಚೀಲಗಳಲ್ಲಿ ಹಾಕಿ, ಒಳಗೊಂದು ಚೀಟಿ, ಹೊರಗೊಂದು ಚೀಟಿ ಇಡಬೇಕು. ಹೊರಗಿನದು ಎಂದಾದರೂ ಉದುರಿಹೋಗುತ್ತದೆ.

ಲೋಹ ಸಾಯುವ ಬಗೆ

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ಶುದ್ಧ ಅಲ್ಯೂಮಿನಿಯಂ ಮಟ್ಟಿಗೆ ಅದು ಬಹುಪಾಲು ನಿಜ. ಗಾಳಿಗೆ ಒಡ್ಡಿದ ಕೂಡಲೆ ಅದರ ಮೇಲೆ ಆಕ್ಸೈಡಿನ ತೆಳುಪದರ ಕಟ್ಟಿ ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ವಿಮಾನ ಕಟ್ಟುವುದು ಶುದ್ಧ ಅಲ್ಯೂಮಿನಿಯಂನಿಂದಲ್ಲ. ಬಲಕ್ಕಾಗಿ ನೂರಕ್ಕೆ ನಾಲ್ಕರಷ್ಟು ತಾಮ್ರ ಸೇರಿಸಿದ ಡ್ಯುರಾಲುಮಿನ್ ಬಗೆಯ ಮಿಶ್ರಲೋಹ, ಇಲ್ಲವೆ ಸತು ಸೇರಿಸಿದ ಮಿಶ್ರಲೋಹ ಬಳಸುತ್ತಾರೆ. ಪಾಶ್ಚಾತ್ಯ ವಿಮಾನಗಳಲ್ಲಿ ಇವನ್ನು 2024, 7075 ಎಂಬ ಸಂಖ್ಯೆಗಳಿಂದಲೂ, ಮಿಗ್‌ನಂಥ ಸೋವಿಯತ್ ವಿಮಾನಗಳಲ್ಲಿ ಅವುಗಳ ಸಮಾನ ರೂಪಗಳನ್ನು ಡಿ-16, ವಿ-95 ಎಂಬ ಹೆಸರುಗಳಿಂದಲೂ ಗುರುತಿಸುತ್ತಾರೆ. ಯಾವ ತಾಮ್ರ ಲೋಹಕ್ಕೆ ಬಲ ಕೊಟ್ಟಿತೋ ಅದೇ ತಾಮ್ರದ ಕಣಗಳು ನೀರು ಮತ್ತು ಉಪ್ಪು ಸಿಕ್ಕಾಗ ಪಕ್ಕದ ಅಲ್ಯೂಮಿನಿಯಂ ಅನ್ನು ತಿನ್ನತೊಡಗುತ್ತವೆ. ಇದನ್ನು ತಡೆಯಲೆಂದು ತಗಡಿನ ಎರಡೂ ಮುಖಗಳಿಗೆ ಶುದ್ಧ ಅಲ್ಯೂಮಿನಿಯಂನ ಹೊದಿಕೆಯನ್ನು ಕಾರ್ಖಾನೆಯಲ್ಲೇ ಒತ್ತಿರುತ್ತಾರೆ. ಒಂದು ಮಿಲಿಮೀಟರ್ ದಪ್ಪದ ತಗಡಿನಲ್ಲಿ ಆ ಹೊದಿಕೆಯ ದಪ್ಪ ಸುಮಾರು 0.05 ಮಿ.ಮೀ. ಮಾತ್ರ. ಕನ್ನಡಿಯಂತೆ ಹೊಳೆಯಲಿ ಎಂದು ವರ್ಷ ವರ್ಷವೂ ಪಾಲಿಶ್ ಯಂತ್ರ ಹಚ್ಚುವವರು ಈ ರಕ್ಷಾಪದರವನ್ನೇ ತಮ್ಮ ಕೈಯಾರೆ ಉಜ್ಜಿ ತೆಗೆಯುತ್ತಿರುತ್ತಾರೆ.

ಎರಡು ಬೇರೆ ಲೋಹಗಳು ಒದ್ದೆಯಾಗಿ ತಾಗಿಕೊಂಡಲ್ಲಿ ಕೇಡು ಬೇಗ ಹಬ್ಬುತ್ತದೆ. ಉಕ್ಕಿನ ಬೋಲ್ಟು ಕೂತ ಅಲ್ಯೂಮಿನಿಯಂ, ಅಲ್ಯೂಮಿನಿಯಂ ತಾಗಿದ ಮೆಗ್ನೀಸಿಯಂ, ಹೀಗೆ ಜೋಡಿಯಲ್ಲಿ ದುರ್ಬಲವಾದದ್ದು ತನ್ನನ್ನು ಕಳೆದುಕೊಳ್ಳುತ್ತದೆ. ಚಕ್ರಗಳು ಮತ್ತು ಗೇರ್‌ಬಾಕ್ಸಿನ ಕವಚಗಳು ಹಲವು ವಿಮಾನಗಳಲ್ಲಿ ಮೆಗ್ನೀಸಿಯಂ ಮಿಶ್ರಲೋಹದವು, ಮೊದಲು ಪುಡಿಯಾಗುವವೂ ಅವೇ. ಮೆಗ್ನೀಸಿಯಂ ಉಜ್ಜಿದ ಧೂಳು ಬೆಂಕಿ ಹಿಡಿಯುತ್ತದೆ ಮತ್ತು ಆ ಬೆಂಕಿಗೆ ನೀರು ಹಾಕಬಾರದು ಎಂಬುದು ಕೆಲಸಗಾರರಿಗೆಲ್ಲ ಗೊತ್ತಿರಬೇಕು. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇಟ್ಟುಕೊಂಡೇ ಕೆಲಸ ಮಾಡಬೇಕು.

ಕೇಡನ್ನು ಕಣ್ಣಾರೆ ಕಾಣುವ ವಿಧಾನ ಸರಳವಾಗಿದೆ. ಸಂಜೆ ಬೆಳಕು ಕಡಿಮೆಯಾದ ಮೇಲೆ ಟಾರ್ಚನ್ನು ತಗಡಿಗೆ ಒರಗಿಸಿದಂತೆ ಹಿಡಿದು ಬೆಳಕನ್ನು ಮೇಲ್ಮೈಯ ಉದ್ದಕ್ಕೂ ಹಾಯಿಸಬೇಕು. ಎರಡು ತಗಡುಗಳು ಒಂದರ ಮೇಲೊಂದು ಕೂತಿರುವ ಜೋಡಣೆಯಲ್ಲಿ, ತಗಡುಗಳನ್ನು ಬಿಗಿಯುವ ಮೊಳೆಯಂಥ ರಿವೆಟ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ ನಡುವಿನ ಭಾಗ ಸಣ್ಣಗೆ ಉಬ್ಬಿ, ರಿವೆಟ್ ಇರುವಲ್ಲಿ ಕುಳಿಬಿದ್ದಂತೆ ಕಂಡರೆ ಒಳಗೆ ಬಿಳಿ ಪುಡಿ ತುಂಬಿದೆ ಎಂದೇ ಅರ್ಥ. ಅಲ್ಯೂಮಿನಿಯಂನ ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡವೇ ತಗಡನ್ನು ಎತ್ತುತ್ತದೆ, ಕೊನೆಗೆ ರಿವೆಟ್‌ನ ತಲೆಯನ್ನೇ ಹಾರಿಸುತ್ತದೆ. ದಪ್ಪ ಭಾಗಗಳ ಅಂಚಿನಲ್ಲಿ ಲೋಹ ಹಾಳೆಹಾಳೆಯಾಗಿ ಬಿಚ್ಚಿಕೊಂಡಿದ್ದರೆ ಕೇಡು ಇನ್ನೂ ಆಳಕ್ಕೆ ಇಳಿದಿದೆ. ಬಣ್ಣದ ಕೆಳಗೆ ದಾರದೆಳೆಯಂಥ ಅಂಕುಡೊಂಕು ಗೆರೆಗಳು ಓಡಿದ್ದರೆ ಅದು ಆರಂಭದ ಹಂತ, ಈಗಲೇ ಕೈ ಹಾಕಿದರೆ ಉಳಿಸಬಹುದು. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಕೊಳವೆ ಕ್ಯಾಮೆರಾ ಒಂದಿದ್ದರೆ ಫಲಕ ಬಿಚ್ಚದೆಯೂ ಒಳಗಿನ ಚೌಕಟ್ಟುಗಳನ್ನು ನೋಡಬಹುದು. ಈ ಕೆಲಸಕ್ಕೆ ಅದಕ್ಕಿಂತ ಉಪಯುಕ್ತ ಖರೀದಿ ಇನ್ನೊಂದಿಲ್ಲ.

ಸೂರು, ನೆಲೆ, ಮತ್ತು ನೀರಿನ ದಾರಿ

ಗೋಡೆಗಳುಳ್ಳ, ಗಾಳಿಯ ತೇವಾಂಶವನ್ನು ಶೇ. 50ಕ್ಕಿಂತ ಕೆಳಗೆ ಹಿಡಿದಿಡುವ ಹ್ಯಾಂಗರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ, ಅಷ್ಟು ಒಣಗಿದ ಗಾಳಿಯಲ್ಲಿ ತುಕ್ಕು ಬಹುಮಟ್ಟಿಗೆ ನಿಂತೇಬಿಡುತ್ತದೆ. ಅದು ಎಲ್ಲರಿಗೂ ಕೈಗೆಟಕುವುದಲ್ಲ. ಆದರೆ ಗೋಡೆಯಿಲ್ಲದ, ಅಗಲವಾದ ಚಾಚು ಬಿಟ್ಟ ಬರಿಯ ಶೀಟಿನ ಚಾವಣಿ ಕೂಡ ಎಣಿಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಅದು ತಡೆಯುವುದು ಮಳೆ ಬಿಸಿಲುಗಳನ್ನಷ್ಟೇ ಅಲ್ಲ. ಮೋಡವಿಲ್ಲದ ರಾತ್ರಿ ಬಯಲಲ್ಲಿ ನಿಂತ ಲೋಹ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆದ್ದರಿಂದಲೇ ಚಳಿಗಾಲದ ಬೆಳಗಿನಲ್ಲಿ ಅದರ ಮೈಯೆಲ್ಲ ಇಬ್ಬನಿ ಕೂರುತ್ತದೆ. ಮೇಲೊಂದು ಚಾವಣಿ ಇದ್ದರೆ ಈ ತಣಿಯುವಿಕೆ ತಪ್ಪಿ ಇಬ್ಬನಿಯೂ ಬಹುಪಾಲು ತಪ್ಪುತ್ತದೆ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪು ತೇಲುವ ಕರಾವಳಿಯಲ್ಲಿ ಸೂರಿಲ್ಲದೆ ವಿಮಾನ ನಿಲ್ಲಿಸುವುದು ನನ್ನ ದೃಷ್ಟಿಯಲ್ಲಿ ಅದನ್ನು ಕಳೆದುಕೊಳ್ಳಲು ಒಪ್ಪಿಕೊಂಡಂತೆ. ಹಾಗೆಂದು ಪ್ಲಾಸ್ಟಿಕ್ ತಾಡಪಾಲು ಹೊದಿಸಿ ಕಟ್ಟುವುದು ಸೂರಿಗೆ ಬದಲಿಯಾಗದು. ಒಳಗಿನ ಆವಿ ಹೊರಹೋಗದೆ ಅಲ್ಲೇ ನೀರಾಗುತ್ತದೆ, ಗಾಳಿಗೆ ಬಡಿದ ತಾಡಪಾಲು ಬಣ್ಣವನ್ನೂ ಕ್ಯಾನೊಪಿಯನ್ನೂ ಗೀಚುತ್ತದೆ.

ಹಾರುವ ಭಂಗಿಯಲ್ಲಿ ಕಂಬದ ಮೇಲೆ ಏರಿಸುವುದು ನೋಡಲು ಚೆಂದ, ವಿಮಾನಕ್ಕೆ ಮಾತ್ರ ಕೆಟ್ಟದ್ದು. ವಿಮಾನದ ಹೊಟ್ಟೆಯ ಕೆಳಗೆ ನೀರು ಬಸಿಯುವ ರಂಧ್ರಗಳಿರುತ್ತವೆ, ಒಂದೊಂದೂ ಪೆನ್ಸಿಲಿನ ದಪ್ಪವೂ ಇರದಷ್ಟು ಚಿಕ್ಕದು. ವಿಮಾನ ತನ್ನ ಚಕ್ರಗಳ ಮೇಲೆ ನಿಂತಾಗ ಯಾವುದು ತಗ್ಗಿನ ಜಾಗವೋ ಅಲ್ಲಿ ಅವನ್ನು ಕೊರೆದಿರುತ್ತಾರೆ. ಮೂಗು ಮೇಲೆತ್ತಿ ನಿಲ್ಲಿಸಿದರೆ ತಗ್ಗು ಬಾಲದ ಕಡೆಗೆ ಸರಿಯುತ್ತದೆ, ಅಲ್ಲಿ ರಂಧ್ರವಿಲ್ಲದೆ ನೀರು ಚೌಕಟ್ಟುಗಳ ನಡುವೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಜೊತೆಗೆ ಕಂಬದ ಮೇಲಿನ ವಿಮಾನವನ್ನು ತೊಳೆಯಲೂ ಪರೀಕ್ಷಿಸಲೂ ಕ್ರೇನ್ ಬೇಕು, ಬೇಕೆಂದಾಗ ಕ್ರೇನ್ ಸಿಗದೆ ಆ ಕೆಲಸ ನಡೆಯುವುದೇ ಇಲ್ಲ. ಕಂಬವೇ ಬೇಕೆಂಬ ತೀರ್ಮಾನ ಆಗಿಹೋಗಿದ್ದರೆ, ಗಾಳಿಯ ಹೊಡೆತದ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್‌ರಿಂದ ಮಾಡಿಸಿ, ಭಾರವನ್ನು ಗಟ್ಟಿ ಚೌಕಟ್ಟುಗಳ ಮೇಲೆಯೇ ಹೊರಿಸಿ, ಉಕ್ಕು ಅಲ್ಯೂಮಿನಿಯಂಗೆ ನೇರ ತಾಗದಂತೆ ನಡುವೆ ನಿಯೋಪ್ರೀನ್ ಹಾಳೆ ಇಟ್ಟು, ಹೊಸ ತಗ್ಗು ಎಲ್ಲೆಂದು ನೋಡಿ ಅಲ್ಲೊಂದು ಬಸಿಯುವ ರಂಧ್ರವನ್ನು ಅನುಮತಿ ಪಡೆದು ಕೊರೆದು ದಾಖಲಿಸಬೇಕು.

ನೆಲದ ಮೇಲಾದರೆ ಕಾಂಕ್ರೀಟ್ ಹಾಸಿನ ಮೇಲೆ, ತಯಾರಕರು ಸೂಚಿಸಿದ ಜಾಕಿಂಗ್ ಜಾಗಗಳಿಗೆ ಉಕ್ಕಿನ ಆಸರೆ ಕೊಟ್ಟು, ಟೈರುಗಳು ನೆಲ ಮುಟ್ಟಿದಂತೆ ಕಂಡರೂ ಭಾರ ಹೊರದಂತೆ ನಿಲ್ಲಿಸಬೇಕು. ಸುತ್ತ ಹುಲ್ಲು ಬೆಳೆದರೆ ತೇವ ನಿಲ್ಲುತ್ತದೆ, ಇಲಿ ಹೆಗ್ಗಣಗಳು ಸೇರುತ್ತವೆ. ಗಾಳಿ ಒಳಹೋಗುವ ಬಾಯಿ, ಹೊಗೆಕೊಳವೆ, ರೆಕ್ಕೆಯ ಸಂದುಗಳಿಗೆಲ್ಲ ನೈಲಾನ್ ಬಲೆ ಬಿಗಿಯಬೇಕು. ಪೂರ್ತಿ ಮುಚ್ಚಿದರೆ ಒಳಗೆ ಬೂಷ್ಟು, ಪೂರ್ತಿ ತೆರೆದರೆ ಪಾರಿವಾಳ. ಪಾರಿವಾಳದ ಹಿಕ್ಕೆ ಆಮ್ಲೀಯವಾದದ್ದು, ಸದಾ ತೇವ ಹಿಡಿದಿಡುವಂಥದ್ದು, ಬಣ್ಣವನ್ನೂ ಅದರಡಿಯ ಲೋಹವನ್ನೂ ತಿನ್ನುತ್ತದೆ.

ಪ್ರತಿ ಬಸಿಯುವ ರಂಧ್ರಕ್ಕೂ ನಕ್ಷೆಯಲ್ಲಿ ಒಂದು ಸಂಖ್ಯೆ ಕೊಡಬೇಕು. ಮೇ ತಿಂಗಳಲ್ಲಿ ಒಬ್ಬರು ಬಿದಿರಿನ ಕಡ್ಡಿ ಹಿಡಿದು ಆ ಸಂಖ್ಯೆಗಳ ಕ್ರಮದಲ್ಲೇ ಒಂದೊಂದನ್ನೂ ಚುಚ್ಚಿ ನೋಡಬೇಕು. ಕಣಜದ ಮಣ್ಣುಗೂಡು, ಹಳೆಯ ಗ್ರೀಸು, ಎಲ್ಲಕ್ಕಿಂತ ಹೆಚ್ಚಾಗಿ ಕಳೆದ ಬಾರಿಯ ಬಣ್ಣ ಆ ರಂಧ್ರಗಳನ್ನು ಮುಚ್ಚಿರುತ್ತದೆ. ಚುಚ್ಚಿದ ಮೇಲೆ ಒಳಗಿನಿಂದ ಒಂದು ಲೋಟ ನೀರು ಹೊಯ್ದು ಅದು ಕೆಳಗೆ ಧಾರೆಯಾಗಿ ಬೀಳುವುದನ್ನು ನೋಡಿಯೇ ಪುಸ್ತಕದಲ್ಲಿ ಸರಿ ಗುರುತು ಹಾಕಬೇಕು.

ತೊಳೆಯುವುದು, ತುಕ್ಕು ತೆಗೆಯುವುದು

ತೊಳೆಯಲು ಬೋರ್‌ವೆಲ್ ನೀರು ಬೇಡ. ನಮ್ಮ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಕ್ಲೋರೈಡ್ ಇದ್ದು, ಒಣಗಿದ ಮೇಲೆ ಅದು ಜೋಡಣೆಯ ಸಂದುಗಳಲ್ಲೇ ಉಳಿಯುತ್ತದೆ. ಸಂಗ್ರಹಿಸಿದ ಮಳೆನೀರು ಒಳ್ಳೆಯದು, ಕೊನೆಯ ಸುತ್ತಿಗಾದರೂ ಖನಿಜ ತೆಗೆದ ನೀರು ಇದ್ದರೆ ಇನ್ನೂ ಒಳ್ಳೆಯದು. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾ ಇರುವುದರಿಂದ ಅದು ಅಲ್ಯೂಮಿನಿಯಂ ಅನ್ನು ಕಚ್ಚುತ್ತದೆ. ಕ್ಷಾರವೂ ಆಮ್ಲವೂ ಅಲ್ಲದ, ತಟಸ್ಥವಾದ ಸೌಮ್ಯ ದ್ರಾವಣವನ್ನೇ ಬಳಸಬೇಕು. ಸಾಬೂನನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ನೀರನ್ನು ಮೇಲಿನಿಂದ ಕೆಳಕ್ಕೆ ಬಿಟ್ಟರೆ ಗೆರೆ ಬೀಳುವುದಿಲ್ಲ. ವಾಹನ ತೊಳೆಯುವ ಒತ್ತಡದ ಪಂಪನ್ನು ವಿಮಾನದ ಹತ್ತಿರವೂ ತರಬಾರದು, ಅದು ಕೊಳೆಯನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ನೀರನ್ನು ಸಂದುಗಳ ಒಳಕ್ಕೆ ನುಗ್ಗಿಸುತ್ತದೆ. ಕಡಲ ತೀರದ ವಿಮಾನವಾದರೆ ಉಪ್ಪು ಹೋಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ತೊಳೆದು ಬಸಿದ ನೀರಿಗೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟಾಗ ಅದು ಹಾಲಿನಂತೆ ಕಲಕಿದರೆ ಕ್ಲೋರೈಡ್ ಇನ್ನೂ ಇದೆ, ಮತ್ತೆ ತೊಳೆಯಬೇಕು. ನೀವು ಬಳಸುವ ನೀರನ್ನೂ ಮೊದಲು ಹೀಗೆಯೇ ಪರೀಕ್ಷಿಸಿ, ಎರಡನ್ನೂ ಹೋಲಿಸಬೇಕು. ಯಾವ ಕಾಲೇಜಿನ ರಸಾಯನಶಾಸ್ತ್ರ ವಿಭಾಗವೂ ಇದನ್ನು ಮಾಡಿಕೊಡಬಲ್ಲದು.

ಬಿಳಿ ಪುಡಿಯನ್ನು ನೈಲಾನ್ ಬ್ರಷ್ಷು, ಬಿದಿರಿನ ಚಕ್ಕೆ, ನೈಲಾನ್ ಸ್ಕ್ರಬ್ ಪ್ಯಾಡುಗಳಿಂದ ತೆಗೆಯಬೇಕು. ಉಕ್ಕಿನ ತಂತಿಯ ಬ್ರಷ್ಷು ಹಚ್ಚಿದರೆ ಅದರ ಕಣಗಳು ಮೆದು ಲೋಹದಲ್ಲಿ ಹೂತು, ಅಲ್ಲಿಂದಲೇ ಹೊಸ ಕೇಡು ಶುರುವಾಗುತ್ತದೆ. ಮರಳು ಸಿಡಿಸಿ ಶುದ್ಧ ಮಾಡುವ ವಿಧಾನ ತೆಳು ತಗಡನ್ನು ಸೊಟ್ಟಗೂ ಮಾಡುತ್ತದೆ, ರಕ್ಷಾ ಹೊದಿಕೆಯನ್ನೂ ಕೀಳುತ್ತದೆ. ಹಳೆಯ ಪ್ರೈಮರ್ ಇರುವಲ್ಲಿ ಒದ್ದೆ ಮಾಡಿಯೇ, ಸರಿಯಾದ ಮುಖಕವಚ ಧರಿಸಿಯೇ ಉಜ್ಜಬೇಕು, ಬಂದ ಕೆಸರನ್ನು ಚರಂಡಿಗೆ ಬಿಡದೆ ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸಬೇಕು. ಗಟ್ಟಿ ಲೋಹ ಕಾಣುವ ತನಕ ಕೆರೆದ ಜಾಗವನ್ನು ಅದೇ ದಿನ ಕ್ರೋಮೇಟ್ ಇಲ್ಲದ ಎಪಾಕ್ಸಿ ಪ್ರೈಮರ್‌ನಿಂದ ಮುಚ್ಚಬೇಕು. ಸಂದುಗಳ ಒಳಕ್ಕೆ ಕೈ ಹೋಗದಲ್ಲಿ ತೆವಳಿ ಒಳಸೇರುವ ತುಕ್ಕುನಿರೋಧಕ ಎಣ್ಣೆಯನ್ನು ವರ್ಷಕ್ಕೊಮ್ಮೆ ಸಿಂಪಡಿಸುವುದೇ ಸದ್ಯಕ್ಕಿರುವ ಒಳ್ಳೆಯ ಉಪಾಯ. ಉದುರಿದ ರಿವೆಟ್‌ಗೆ ಬದಲಾಗಿ ಅಂಗಡಿಯಲ್ಲಿ ಸಿಗುವ ಉಕ್ಕಿನ ಕಡ್ಡಿಯ ಪಾಪ್ ರಿವೆಟ್ ಹೊಡೆಯುವ ಚಾಳಿ ಬಹಳ ಕಡೆ ಇದೆ. ಆ ಕಡ್ಡಿಯ ತುಂಡು ಒಳಗೇ ಉಳಿದು ತುಕ್ಕಿಗೆ ಬೀಜವಾಗುವುದರಿಂದ, ಅದೇ ಬಗೆಯ ಮಿಶ್ರಲೋಹದ ಘನ ರಿವೆಟ್‌ಗಳನ್ನೇ ಹುಡುಕಿ ತರಬೇಕು.

ಕ್ಯಾನೊಪಿ ಗಾಜಿನದಲ್ಲ, ಅಕ್ರಿಲಿಕ್‌ನದು. ಥಿನ್ನರ್, ಪೆಟ್ರೋಲ್, ಅಮೋನಿಯ ಇರುವ ಗಾಜು ಒರೆಸುವ ದ್ರವ ಇವು ಯಾವುದೇ ತಾಗಿದರೂ ಅದರಲ್ಲಿ ಬಲೆಯಂಥ ಬಿರುಕುಗಳು ಏಳುತ್ತವೆ, ಅವು ಮತ್ತೆ ಹೋಗುವುದಿಲ್ಲ. ಧಾರಾಳ ನೀರು, ಸೌಮ್ಯ ಸಾಬೂನು, ಮೆದುವಾದ ಹತ್ತಿ ಬಟ್ಟೆ ಸಾಕು. ಬಿಸಿಲಿಗೆ ಬಿದ್ದಿರುವುದಾದರೆ ಗಾಳಿಯಾಡುವ ಬಿಳಿ ಬಟ್ಟೆಯ ಗವಸು ಹೊಲಿಸಿ ಹಾಕಬೇಕು. ಟೈಗರ್ ಮಾತ್‌ನಂಥ ಮರ ಮತ್ತು ಬಟ್ಟೆಯ ವಿಮಾನಗಳನ್ನು ಬಯಲಲ್ಲಿ ಇಡುವ ಮಾತೇ ಬೇಡ. ಅವುಗಳ ಬಟ್ಟೆಗೆ ಬಳಿಯುವ ಡೋಪ್, ಅದರಲ್ಲೂ ಹಳೆಯ ನೈಟ್ರೇಟ್ ಡೋಪ್, ಕಿಡಿ ತಾಗಿದರೆ ಸಾಕು ಹತ್ತಿಕೊಳ್ಳುತ್ತದೆ.

ಎಷ್ಟರ ಮಟ್ಟಿಗೆ ಹೊಸದಾಗಿಸಬೇಕು

ಈ ಪ್ರಶ್ನೆಗೆ ಎರಡು ತುದಿಗಳಲ್ಲಿ ಎರಡು ಉತ್ತರಗಳಿವೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಹಿರೋಶಿಮಾದ ಮೇಲೆ ಬಾಂಬು ಹಾಕಿದ ಎನೋಲಾ ಗೇ ವಿಮಾನದ ಪುನರುಜ್ಜೀವನವನ್ನು 1984ರಲ್ಲಿ ಆರಂಭಿಸಿ, ಸುಮಾರು 3,00,000 ಗಂಟೆಗಳ ದುಡಿಮೆ ಸುರಿದು, 2003ರಲ್ಲಿ ಪೂರ್ತಿಯಾಗಿ ಜೋಡಿಸಿ ಪ್ರದರ್ಶಿಸಿತು. ಇನ್ನೊಂದು ತುದಿಯಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯ 1973ರಲ್ಲಿ ನಾರ್ವೆಯ ಹೊಕ್ಲಿಂಗೆನ್ ಸರೋವರದ ತಳದಿಂದ ಎತ್ತಿದ ಹ್ಯಾಲಿಫ್ಯಾಕ್ಸ್ ಬಾಂಬರ್ ಅನ್ನು ಹೊಸದಾಗಿಸಲು ಹೋಗದೆ, ಮುರಿದ ಸ್ಥಿತಿಯಲ್ಲೇ ಸ್ಥಿರಗೊಳಿಸಿ ಇಟ್ಟಿದೆ. ಅದೇ ಸಂಗ್ರಹಾಲಯ 2013ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಿಂದ ಎತ್ತಿದ ಜರ್ಮನಿಯ ಡಾರ್ನಿಯರ್ 17 ವಿಮಾನವನ್ನು ಉಪ್ಪು ಬಿಡಿಸಲೆಂದು ಸೌಮ್ಯ ಸಿಟ್ರಿಕ್ ಆಮ್ಲದ ದ್ರಾವಣದ ತುಂತುರಿನಲ್ಲಿ ದೀರ್ಘಕಾಲ ಇಟ್ಟಿತು. ನಮಗೆ ಹೆಚ್ಚು ಕಲಿಸುವುದು ಈ ಎರಡನೆಯ ದಾರಿಯೇ ಎಂದು ನಾನು ಭಾವಿಸುತ್ತೇನೆ. ಅದರಲ್ಲಿ ಕಳೆದುಕೊಳ್ಳುವುದು ಕಡಿಮೆ, ಮುಂದೆ ಬರುವವರಿಗೆ ಉಳಿಯುವುದು ಹೆಚ್ಚು.

ವಿಮಾನ ಎಷ್ಟು ಅಪರೂಪ ಎನ್ನುವುದೂ ತೀರ್ಮಾನಕ್ಕೆ ಸೇರಬೇಕು. ಭಾರತದಲ್ಲಿ ಎಂಟುನೂರಕ್ಕೂ ಹೆಚ್ಚು ಮಿಗ್-21ಗಳು ಸೇವೆ ಸಲ್ಲಿಸಿವೆ, ಒಂದರ ಫಲಕ ಹಾಳಾದರೆ ಇನ್ನೊಂದರದು ಸಿಗಬಹುದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನ ತಯಾರಾದದ್ದು ಒಟ್ಟು 147 ಮಾತ್ರ. ಉಳಿದ ಮಾರುತ್‌ಗಳಲ್ಲಿ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲೂ ವಿಶ್ವೇಶ್ವರಯ್ಯ ತಾಂತ್ರಿಕ ಸಂಗ್ರಹಾಲಯದಲ್ಲೂ ಇರುವಂಥ ಒಂದೊಂದರ ಮೂಲ ತಗಡು, ಮೂಲ ಬಣ್ಣಕ್ಕೂ ಬೆಲೆ ಕಟ್ಟಲಾಗದು. ಅಂಥದ್ದರಲ್ಲಿ ತೀರ ಶಿಥಿಲವಾದ ಭಾಗವನ್ನಷ್ಟೇ ಬದಲಿಸಿ, ಹೊಸ ಭಾಗದ ಒಳಮುಖದಲ್ಲಿ ತಯಾರಿಸಿದ ವರ್ಷವನ್ನು ಒತ್ತಿ, ತೆಗೆದ ಹಳೆಯದನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಉಗ್ರಾಣದಲ್ಲಿ ಇಡಬೇಕು.

ಬಣ್ಣ ಮತ್ತು ಗುರುತುಗಳು

ಹೊಸ ಬಣ್ಣ ಅನಿವಾರ್ಯವಾದಾಗ ಮೊದಲು ಹಳೆಯದನ್ನು ಓದಬೇಕು. ಮರೆಯಾದ ಒಂದು ಜಾಗ ಆರಿಸಿ, ನಾಣ್ಯದಷ್ಟಗಲ, ನುಣುಪಾದ ಕಾಗದದಿಂದ ಒದ್ದೆಯಾಗಿಯೇ ವೃತ್ತಾಕಾರವಾಗಿ ಉಜ್ಜುತ್ತ ಹೋದರೆ ಪದರಗಳು ಒಂದರೊಳಗೊಂದು ಉಂಗುರಗಳಾಗಿ ತೆರೆದುಕೊಳ್ಳುತ್ತವೆ. ಹೊರಗಿನ ಉಂಗುರ ಇತ್ತೀಚಿನ ಎನಾಮೆಲ್, ಒಳಗೆ ಹೋದಂತೆ ಸ್ಕ್ವಾಡ್ರನ್ನಿನ ಬೂದು ಅಥವಾ ಹಸಿರು, ನಡುವೆ ಕಾರ್ಖಾನೆಯ ಪ್ರೈಮರ್. ನೇರ ಬಿಸಿಲು ಬೀಳದ ಬೆಳಕಿನಲ್ಲಿ ಪ್ರತಿ ಉಂಗುರವನ್ನೂ ಬಣ್ಣದ ಮಾನಕ ಪಟ್ಟಿಯ ಜೊತೆ ಇಟ್ಟು ಹೋಲಿಸಿ ಸಂಖ್ಯೆ ಬರೆದುಕೊಳ್ಳಬೇಕು. ಬ್ರಿಟಿಷ್ ಮೂಲದ ವಿಮಾನಗಳಿಗೆ ಬಿಎಸ್ 381ಸಿ ಪಟ್ಟಿ, ಭಾರತೀಯ ಬಣ್ಣಗಳಿಗೆ ಐಎಸ್ 5 ಪಟ್ಟಿ ನೆರವಾಗುತ್ತವೆ. ಫೋಟೋ ನೋಡಿ ಅಂದಾಜಿನಲ್ಲಿ ಬೆರೆಸಿದ ಬಣ್ಣ ಎಂದೂ ಸರಿಹೊಂದುವುದಿಲ್ಲ.

ಯಾವ ಕಾಲದ ರೂಪವನ್ನು ತೋರಿಸಬೇಕು ಎಂಬುದು ಇತಿಹಾಸದ ತೀರ್ಮಾನ. ಎರಡನೆಯ ಮಹಾಯುದ್ಧದಲ್ಲಿ ಭಾರತ, ಬರ್ಮಾಗಳ ರಣರಂಗದ ಬ್ರಿಟಿಷ್ ಹಾಗೂ ಭಾರತೀಯ ವಾಯುಪಡೆಗಳ ವಿಮಾನಗಳ ಗುರುತಿನಿಂದ, ಜಪಾನಿನ ಕೆಂಪು ವೃತ್ತವೆಂದು ತಪ್ಪು ತಿಳಿಯದಿರಲೆಂದು, ಕೆಂಪನ್ನೇ ತೆಗೆದು ಎರಡು ಬಗೆಯ ನೀಲಿಯನ್ನು ಬಳಸಿದ್ದರು. ಇಂದು ನಾವು ಕಾಣುವ ಕೇಸರಿ, ಬಿಳಿ, ಹಸಿರು ವೃತ್ತಗಳ ಗುರುತು ಸ್ವಾತಂತ್ರ್ಯದ ನಂತರದ್ದು. 1944ರ ಹರಿಕೇನ್ ಯುದ್ಧವಿಮಾನದ ಮೇಲೆ ತ್ರಿವರ್ಣದ ವೃತ್ತ ಬರೆದರೆ ದೇಶಪ್ರೇಮ ಕಾಣಿಸಬಹುದು, ಸತ್ಯ ಕಾಣಿಸುವುದಿಲ್ಲ.

ಇದರ ಇನ್ನೊಂದು ಮುಖವನ್ನು ಬೆಂಗಳೂರಿನದೇ ಒಂದು ಪ್ರಕರಣ ತೋರಿಸುತ್ತದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. 1948ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ (ಇಂದಿನ ಎಚ್‌ಎಎಲ್) ತಂತ್ರಜ್ಞರು ಅವನ್ನು ಹಾರುವಷ್ಟರ ಮಟ್ಟಿಗೆ ಅಲ್ಲಿಯೇ ಸರಿಪಡಿಸಿದರು, ಪರೀಕ್ಷಾ ಪೈಲಟ್ ಜಂಶೆದ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು, ಇಲ್ಲಿ ಪೂರ್ಣ ದುರಸ್ತಿಯಾಗಿ ನಲವತ್ತರಷ್ಟು ವಿಮಾನಗಳು ವಾಯುಪಡೆ ಸೇರಿ 1968ರ ತನಕ ದುಡಿದವು. ಆಮೇಲೆ ಅವುಗಳಲ್ಲಿ ಕೆಲವು ಬ್ರಿಟನ್, ಕೆನಡಾ, ಅಮೆರಿಕದ ಸಂಗ್ರಹಾಲಯಗಳನ್ನು ಸೇರಿದವು. ಅರಿಜೋನಾದ ಪಿಮಾ ಸಂಗ್ರಹಾಲಯದ ಲಿಬರೇಟರ್ ಅವುಗಳಲ್ಲೊಂದು, ಆದರೆ ಅದು ನಿಂತಿರುವುದು ಯುದ್ಧಕಾಲದ ಅಮೆರಿಕದ ಬಣ್ಣದಲ್ಲಿ. ಹಾಗೆ ಬಳಿದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅಂಥ ವಿಮಾನ ನಮ್ಮ ಕೈಯಲ್ಲಿದ್ದಾಗ, ಬೆಂಗಳೂರಿನ ಕೆಲಸಗಾರರು ಹಾಕಿದ ತೇಪೆಗಳನ್ನೂ ಇಲ್ಲಿನ ಪ್ರೈಮರ್ ಪದರವನ್ನೂ ಕೆರೆದು ತೆಗೆಯದೆ ಹೊಸ ಬಣ್ಣದ ಕೆಳಗೆ ಉಳಿಸಿಕೊಳ್ಳುವುದು ಕರ್ತವ್ಯ.

ಬಣ್ಣದ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿಯ ತನಕದ ಒಣ ಹವೆ ಸೂಕ್ತ, ಅದೂ ಇಬ್ಬನಿ ಆರಿದ ಮೇಲೆ. ಎಪಾಕ್ಸಿ ಪ್ರೈಮರ್ ಮೇಲೆ ಪಾಲಿಯುರೆಥೇನ್ ಬಣ್ಣ ಬಿಸಿಲಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಸಿಂಪಡಿಸುವವರಿಗೆ ಬಟ್ಟೆಯ ಮಾಸ್ಕ್ ಸಾಲದು, ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಕವಚ ಬೇಕು. ಬಸಿಯುವ ರಂಧ್ರಗಳಿಗೆಲ್ಲ ಬಣ್ಣ ಹೊಡೆಯುವ ಮುನ್ನ ಕಡ್ಡಿ ಸಿಕ್ಕಿಸಿ, ಒಣಗಿದ ಮೇಲೆ ತೆಗೆಯಬೇಕು.

ವರ್ಷದ ಉಳಿದ ಕೆಲಸವೂ ಮಳೆಯನ್ನು ಹಿಡಿದೇ ಸಾಗುತ್ತದೆ. ಮೇ ತಿಂಗಳಲ್ಲಿ ರಂಧ್ರ, ಬಲೆ, ಚಾವಣಿಗಳ ತಪಾಸಣೆ ಆಗಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಳಗೆ ಕಣ್ಣಾಡಿಸಬೇಕು. ಅಕ್ಟೋಬರ್, ನವೆಂಬರಿನಲ್ಲಿ ಸಾಧ್ಯವಾದಷ್ಟು ಫಲಕಗಳನ್ನು ಬಿಚ್ಚಿ, ದಿನಗಟ್ಟಲೆ ಗಾಳಿಯಾಡಿಸಿ, ಹಿಂದಿನ ವರ್ಷದ ಚಿತ್ರಗಳೊಡನೆ ಒಂದೊಂದು ಜೋಡಣೆಯನ್ನೂ ಹೋಲಿಸಿ, ಆಮೇಲೆ ತುಕ್ಕುನಿರೋಧಕ ಎಣ್ಣೆ ಸಿಂಪಡಿಸಬೇಕು. ಇದಕ್ಕೆಲ್ಲ ಬೇಕಾದ ಹಣವನ್ನು ಸಮಾರಂಭಗಳ ಖಾತೆಯಲ್ಲಿ ಹುಡುಕದೆ, ವಿಮಾನವನ್ನು ಒಪ್ಪಿಕೊಳ್ಳುವ ನಿರ್ಣಯದಲ್ಲಿಯೇ ಪ್ರತಿ ವರ್ಷದ ಪ್ರತ್ಯೇಕ ಬಾಬ್ತಾಗಿ ಬರೆಸಿಕೊಳ್ಳಬೇಕು. ಜವಾಬ್ದಾರಿಯನ್ನು ಸಮಿತಿಗೆ ಬಿಡದೆ ಒಬ್ಬ ವ್ಯಕ್ತಿಯ ಹೆಸರಿಗೆ ವಹಿಸಬೇಕು. ಸೂರಿಗೂ ವಾರ್ಷಿಕ ವೆಚ್ಚಕ್ಕೂ ದಾರಿಯಿಲ್ಲದ ಸಂಸ್ಥೆ ಇಡೀ ವಿಮಾನಕ್ಕೆ ಕೈ ಚಾಚದೆ, ಛಾವಣಿಯ ಕೆಳಗೆ ಇಡಬಹುದಾದ ಒಂದು ಎಂಜಿನ್ನನ್ನೋ ಮೂಗಿನ ಭಾಗವನ್ನೋ ಕೇಳಿ ಪಡೆಯುವುದು ಉಚಿತ.